ಲೂಥರನ್ ಹೈಸ್ಕೂಲಿನ ಕೋರ್ಸ್ ಪಟ್ಟಿ: ಸೇರಿಸುವ ಮೊದಲು ಏನು ನೋಡಬೇಕು?

ಪ್ರಶ್ನೆ: ನಮ್ಮದು ಮೂಲ ಹಾಸನ. ಈಗ ವಿಸ್ಕಾನ್ಸಿನ್‌ನಲ್ಲಿ, ಮಿಲ್ವಾಕಿ ಪಕ್ಕದ ಊರಿನಲ್ಲಿದ್ದೇವೆ. ಮಗ 8ನೇ ತರಗತಿ. ಹತ್ತಿರದ ಒಂದು ಲೂಥರನ್ (ಪ್ರಾಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಹೈಸ್ಕೂಲ್ ನೋಡಿ ಬಂದೆವು. ಚಿಕ್ಕ ಶಾಲೆ. ಶಿಸ್ತು ಚೆನ್ನಾಗಿದೆ. ಟೀಚರುಗಳು ಪ್ರತಿ ಮಗುವನ್ನೂ ಹೆಸರು ಹಿಡಿದು ಮಾತಾಡಿಸುತ್ತಾರೆ. ಮಗನಿಗೂ ಇಷ್ಟವಾಯಿತು. ಆದರೆ ಅವರ ಕೋರ್ಸ್ ಕ್ಯಾಟಲಾಗ್ ಓದಿದ ಮೇಲೆ ನನಗೆ ನಿದ್ದೆ ಇಲ್ಲ. ನಾಲ್ಕೂ ವರ್ಷ ಧರ್ಮದ ಪಾಠ ಕಡ್ಡಾಯ. ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಕೋರ್ಸ್ ಎಂಟೇ ಇವೆ, ನಮ್ಮ ಪಬ್ಲಿಕ್ (ಸರ್ಕಾರಿ) ಶಾಲೆಯಲ್ಲಿ 20ಕ್ಕಿಂತ ಜಾಸ್ತಿ. ಅದರ ಬದಲು ಡ್ಯುಯಲ್ ಕ್ರೆಡಿಟ್ (ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕವಾಗುವ) ಕೋರ್ಸ್ ಬಹಳ ಹಾಕಿದ್ದಾರೆ. ಮಗ 7ರಲ್ಲೇ ಆಲ್ಜೀಬ್ರಾ 1 ಮುಗಿಸಿ ಈಗ ಜಾಮಿಟ್ರಿ ಮಾಡುತ್ತಿದ್ದಾನೆ. ಇಂಜಿನಿಯರಿಂಗ್ ಆಸೆ ಇದೆ. ಬ್ಯಾಂಡ್‌ನಲ್ಲಿ ಟ್ರಂಪೆಟ್ ನುಡಿಸುತ್ತಾನೆ. ಅಲ್ಲಿ ವಿಕಾಸವಾದ ಕಲಿಸುವುದೇ ಇಲ್ಲ ಅಂತ ಒಬ್ಬರು ಹೇಳಿದರು. ಇಂಥ ಶಾಲೆಯ ಮಾರ್ಕ್ಸ್‌ಗೆ ಯೂನಿವರ್ಸಿಟಿಗಳಲ್ಲಿ ಬೆಲೆ ಇಲ್ಲ ಅಂತ ಇನ್ನೊಬ್ಬರು. ಊರಿನಲ್ಲಿ ಅತ್ತೆಯವರಿಗೆ ಮತಾಂತರದ ಭಯ. ನಮ್ಮ ಯಜಮಾನರು ಮಾತ್ರ "ನಾವೆಲ್ಲ ಕಾನ್ವೆಂಟಿನಲ್ಲಿ ಓದಲಿಲ್ವಾ, ಏನಾಯಿತು?" ಅನ್ನುತ್ತಾರೆ. ಸೇರಿಸಬಹುದೇ?

ಉತ್ತರ:

ನಿಮ್ಮ ಪತ್ರದಲ್ಲಿ ಹಲವು ಚಿಂತೆಗಳಿವೆ. ಮತಾಂತರ, ವಿಕಾಸವಾದ, ಎಪಿ ಎಷ್ಟು, ಮಾರ್ಕ್ಸ್‌ಗೆ ಬೆಲೆ ಉಂಟೋ ಇಲ್ಲವೋ. ಇಲ್ಲಿನ ಹೈಸ್ಕೂಲುಗಳಲ್ಲಿ ಕೌನ್ಸೆಲರ್ ಆಗಿ ಕೆಲಸ ಮಾಡುತ್ತಾ ಭಾರತೀಯ ಮನೆಗಳಿಂದ ಈ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳಿದ್ದೇನೆ. ನಿಮ್ಮ ಮಗನ ವಿಷಯದಲ್ಲಿ ನಿಜವಾಗಿ ನಿರ್ಣಾಯಕವಾಗುವುದು ನೀವು ಸುಮ್ಮನೆ ಒಂದು ಮಾಹಿತಿಯಾಗಿ ಬರೆದ ಸಾಲು. ಅವನು 7ರಲ್ಲೇ ಆಲ್ಜೀಬ್ರಾ 1 ಮುಗಿಸಿದ್ದಾನೆ ಎಂಬ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಯಜಮಾನರ ಮಾತು. ಅದರಲ್ಲಿ ಅರ್ಧ ಸತ್ಯ ಇದೆ. ನಮ್ಮ ಕಡೆ ಎಷ್ಟೋ ತಲೆಮಾರಿನವರು ಮಿಷನ್ ಶಾಲೆಗಳಲ್ಲಿ ಓದಿ ತಮ್ಮ ಮನೆಯ ಪೂಜೆ, ಹಬ್ಬ ಬಿಡದೆ ಬೆಳೆದಿದ್ದಾರೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್‌ನಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎಂಬ ಎರಡೂ ಪ್ರಾಟೆಸ್ಟೆಂಟ್ ಪಂಗಡದವರಿದ್ದರು. ಅವರ ಶಾಲೆಗಳಲ್ಲಿ ಕಲಿತವರಲ್ಲಿ ಬೇರೆ ಧರ್ಮದ ಮಕ್ಕಳು ಬಹಳ. ಆದರೆ ಭಾರತದ ಕಾನ್ವೆಂಟಿಗೂ ಅಮೆರಿಕದ ಲೂಥರನ್ ಹೈಸ್ಕೂಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಸಂವಿಧಾನದ 28(3)ನೇ ವಿಧಿ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವಿಗೆ ಧರ್ಮದ ಬೋಧನೆ ಕಡ್ಡಾಯ ಮಾಡುವಂತಿಲ್ಲ. ಅದಕ್ಕೇ ನಮ್ಮಲ್ಲಿ ಕ್ರೈಸ್ತ ಮಕ್ಕಳಿಗೆ ಕ್ಯಾಟೆಕಿಸಂ (ಪ್ರಶ್ನೋತ್ತರ ರೂಪದ ಧರ್ಮಬೋಧೆ), ಉಳಿದವರಿಗೆ ಮಾರಲ್ ಸೈನ್ಸ್ ಎಂಬ ಪದ್ಧತಿ ಬೆಳೆಯಿತು. ಅಮೆರಿಕದ ಖಾಸಗಿ ಶಾಲೆಗೆ ಆ ಕಟ್ಟು ಇಲ್ಲ. ಸೇರುವಾಗ ನೀವು ಸಹಿ ಹಾಕುವ ಒಪ್ಪಂದವೇ ಕಾನೂನು. ಧರ್ಮದ ಪಾಠ ಅಲ್ಲಿ ಇಂಗ್ಲಿಷ್, ಗಣಿತದ ಹಾಗೇ ಒಂದು ವಿಷಯ. ಪರೀಕ್ಷೆ, ಗ್ರೇಡ್ ಎರಡೂ ಇರುತ್ತವೆ.

ವಿಸ್ಕಾನ್ಸಿನ್‌ನಲ್ಲಿ ಇದಕ್ಕೊಂದು ಅಪವಾದ ಇದೆ. ಮಿಲ್ವಾಕಿಯಲ್ಲಿ 1990ರಲ್ಲಿ ಶುರುವಾದ ಪೇರೆಂಟಲ್ ಚಾಯ್ಸ್ ಯೋಜನೆಯಲ್ಲಿ ಸರ್ಕಾರವೇ ಖಾಸಗಿ ಶಾಲೆಯ ಫೀಸ್ ಕೊಡುತ್ತದೆ. ಧಾರ್ಮಿಕ ಶಾಲೆಗಳೂ ಅದರೊಳಗೆ ಬರಬಹುದು ಎಂದು ರಾಜ್ಯದ ಸುಪ್ರೀಂ ಕೋರ್ಟ್ 1998ರಲ್ಲಿ ಒಪ್ಪಿತು. ಈ ಯೋಜನೆಯಲ್ಲಿ ಬಂದ ಮಗುವಿನ ಪೋಷಕರು ಬರೆದು ಕೊಟ್ಟರೆ ಶಾಲೆ ಅದನ್ನು ಧಾರ್ಮಿಕ ಚಟುವಟಿಕೆಗೆ ಒತ್ತಾಯಿಸುವಂತಿಲ್ಲ. ಆದರೆ ಯೋಜನೆಗೆ ಆದಾಯದ ಮಿತಿ ಇದೆ. ಇಬ್ಬರೂ ದುಡಿಯುವ ಐಟಿ ಮನೆಗಳು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಫೀಸ್ ನೀವೇ ಕಟ್ಟುವುದಾದರೆ ಆ ಹಕ್ಕು ನಿಮಗಿಲ್ಲ ಎಂದೇ ತಿಳಿದು ಮುಂದುವರಿಯಿರಿ.

ನಾಲ್ಕೂ ವರ್ಷ ಯಾಕೆ? ಲೂಥರನ್ನರಿಗೆ ಶಾಲೆ ಮತ್ತು ಚರ್ಚು ಹುಟ್ಟಿನಿಂದಲೇ ಜೊತೆ. ಈ ಪಂಗಡದ ಮೂಲಪುರುಷ ಮಾರ್ಟಿನ್ ಲೂಥರ್ 1524ರಲ್ಲಿ ಜರ್ಮನಿಯ ಊರುಗಳ ಆಡಳಿತದವರಿಗೆ ಪತ್ರ ಬರೆದು, ಮಕ್ಕಳಿಗಾಗಿ ಶಾಲೆ ಕಟ್ಟಿಸಿ ಎಂದು ಒತ್ತಾಯ ಮಾಡಿದ. ಭಾಷೆಗಳು, ಇತಿಹಾಸ, ಸಂಗೀತ, ಗಣಿತ ಎಲ್ಲವನ್ನೂ ಕಲಿಸಬೇಕು ಅಂದ. 1529ರಲ್ಲಿ ಮನೆಮಂದಿಗಾಗಿ ಕಿರು ಕ್ಯಾಟೆಕಿಸಂ ಬರೆದ. ಇವತ್ತಿಗೂ ಲೂಥರನ್ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. 19ನೇ ಶತಮಾನದಲ್ಲಿ ಜರ್ಮನ್ ವಲಸಿಗರು ಅಮೆರಿಕದ ಮಧ್ಯಭಾಗಕ್ಕೆ ಬಂದಾಗ ಚರ್ಚಿನ ಪಕ್ಕದಲ್ಲೇ ಶಾಲೆ ಕಟ್ಟಿದರು. ನೀವು ನೋಡಿ ಬಂದ ಶಾಲೆ ಆ ಸಾಲಿಗೆ ಸೇರಿದ್ದು.

ಲೂಥರನ್ ಎಂದರೆ ಎಲ್ಲ ಒಂದೇ ಅಲ್ಲ. ಇದು ಕೋರ್ಸ್ ಪಟ್ಟಿ ಓದುವವರು ತಿಳಿದಿರಲೇಬೇಕಾದ ವಿಷಯ. 1847ರಲ್ಲಿ ಶುರುವಾದ ಮಿಸೌರಿ ಸಿನಡ್ (ಸಿನಡ್ ಎಂದರೆ ಚರ್ಚುಗಳ ಒಕ್ಕೂಟ) ಒಂದು. 1850ರಲ್ಲಿ ಶುರುವಾದ ವಿಸ್ಕಾನ್ಸಿನ್ ಸಿನಡ್ ಇನ್ನೊಂದು. 1988ರಲ್ಲಿ ಹಲವು ಚರ್ಚುಗಳು ಸೇರಿ ಆದ ಇಎಲ್‌ಸಿಎ ಮತ್ತೊಂದು. ಮೊದಲ ಎರಡೂ ಸಂಪ್ರದಾಯದ ಕಡೆ ಗಟ್ಟಿ. ಮೂರನೆಯದು ಹೆಚ್ಚು ಉದಾರ. ನಿಮ್ಮ ಮಿಲ್ವಾಕಿಯಲ್ಲೇ ನೋಡಿ. 1903ರಲ್ಲಿ ಶುರುವಾದ ಲೂಥರನ್ ಹೈಸ್ಕೂಲ್ 1955ರಲ್ಲಿ ಎರಡಾಯಿತು. ಮಿಸೌರಿ ಸಿನಡ್‌ನವರದು ಮಿಲ್ವಾಕಿ ಲೂಥರನ್, ವಿಸ್ಕಾನ್ಸಿನ್ ಸಿನಡ್‌ನವರದು ವಿಸ್ಕಾನ್ಸಿನ್ ಲೂಥರನ್. ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಒಳಗಿನವರಿಗೆ ಹಾಗಲ್ಲ. ನಿಮ್ಮ ಶಾಲೆ ಯಾವ ಸಿನಡ್‌ಗೆ ಸೇರಿದ್ದು ಎಂದು ಮೊದಲು ತಿಳಿದುಕೊಳ್ಳಿ. ಧರ್ಮ, ಬಯಾಲಜಿ, ಹೆಲ್ತ್ ಮೂರೂ ಪಾಠಗಳ ಧಾಟಿ ಅದರ ಮೇಲೆ ನಿಂತಿದೆ.

ಧರ್ಮದ ಪಾಠದಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು. 9ರಲ್ಲಿ ಹಳೆಯ ಒಡಂಬಡಿಕೆ. 10ರಲ್ಲಿ ಹೊಸ ಒಡಂಬಡಿಕೆ, ಯೇಸುವಿನ ಜೀವನ. ಆಮೇಲೆ ಚರ್ಚಿನ ಇತಿಹಾಸ, 1517ರಲ್ಲಿ ಲೂಥರ್ ಶುರು ಮಾಡಿದ ಚರ್ಚಿನ ಸುಧಾರಣೆ, ಲೂಥರನ್ ನಂಬಿಕೆಯ ಮುಖ್ಯ ಅಂಶಗಳು. ಕೊನೆಯ ವರ್ಷ ನೀತಿ, ಮದುವೆ ಮತ್ತು ಸಂಸಾರ, ಜಗತ್ತಿನ ಧರ್ಮಗಳು. ಶಾಲೆಯಿಂದ ಶಾಲೆಗೆ ಕ್ರಮ ಬದಲಾಗುತ್ತದೆ. ಇದರ ಜೊತೆ ಚಾಪೆಲ್ (ಶಾಲೆಯ ಸಾಮೂಹಿಕ ಆರಾಧನೆ) ಇರುತ್ತದೆ. ಕೆಲವು ಕಡೆ ದಿನಾ, ಕೆಲವು ಕಡೆ ವಾರಕ್ಕೆ ಕೆಲವು ಸಲ.

ಪೋಷಕರು ಗಮನಿಸದ ಒಂದು ವಿಷಯ ಹೇಳುತ್ತೇನೆ. 9ನೇ ತರಗತಿಯ ಧರ್ಮದ ಪಾಠದಲ್ಲಿ ನಿಮ್ಮ ಮಗನ ಪಕ್ಕ ಕೂರುವವರಲ್ಲಿ ಬಹಳ ಮಕ್ಕಳು ಲೂಥರನ್ ಪ್ರಾಥಮಿಕ ಶಾಲೆಯಿಂದ ಬಂದವರು. ಅಬ್ರಹಾಮ, ಮೋಶೆ, ದಾವೀದ ಅವರಿಗೆ ಅಜ್ಜಿ ಹೇಳಿದ ಕತೆಯಷ್ಟು ಪರಿಚಿತ. ಇವನು ಮೊದಲಿನಿಂದ ಶುರು ಮಾಡಬೇಕು. ಆ ಗ್ರೇಡ್ ಶಾಲೆಯ ಜಿಪಿಎಗೆ (ಎಲ್ಲ ಗ್ರೇಡ್‌ಗಳ ಸರಾಸರಿಗೆ) ಸೇರುತ್ತದೆ. ಬುದ್ಧಿವಂತ ಹಿಂದೂ ಮಕ್ಕಳು ಮೊದಲ ಸೆಮಿಸ್ಟರ್‌ನಲ್ಲಿ ಕಡಿಮೆ ಗ್ರೇಡ್ ತಂದದ್ದು ಗಣಿತದಲ್ಲಿ ಅಲ್ಲ, ಇದರಲ್ಲಿ. ಬೇಸಿಗೆ ರಜೆಯಲ್ಲಿ ಆದಿಕಾಂಡ, ವಿಮೋಚನಕಾಂಡ, ಒಂದು ಸುವಾರ್ತೆ ಓದಿಸಿ. ಬೇಕಾದರೆ ಕನ್ನಡದಲ್ಲೇ ನೀವೂ ಜೊತೆಗೆ ಓದಿ. ಪರೀಕ್ಷೆ ಕೇಳುವುದು ತಿಳಿವಳಿಕೆಯನ್ನು. "ನೀನು ನಂಬುತ್ತೀಯಾ" ಎಂದು ಕೇಳಿ ಮಾರ್ಕ್ಸ್ ಕೊಡುವ ಶಿಕ್ಷಕರನ್ನು ನಾನು ನೋಡಿಲ್ಲ.

ಇನ್ನು ಅತ್ತೆಯವರ ಭಯ. ಅದನ್ನು ತಳ್ಳಿಹಾಕಬೇಡಿ, ಆದರೆ ಅದರ ಆಕಾರ ಸರಿಯಾಗಿ ನೋಡಿ. ಕದ್ದುಮುಚ್ಚಿ ದೀಕ್ಷಾಸ್ನಾನ ಮಾಡಿಸುವುದು ಈ ಶಾಲೆಗಳ ರೀತಿ ಅಲ್ಲ. ಮಿಸೌರಿ ಮತ್ತು ವಿಸ್ಕಾನ್ಸಿನ್ ಸಿನಡ್‌ಗಳಲ್ಲಿ ಕರ್ತನ ಭೋಜನವನ್ನು (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ತಮ್ಮ ನಂಬಿಕೆಯನ್ನು ಒಪ್ಪಿ, ಬೋಧನೆ ಪಡೆದವರಿಗೆ ಮಾತ್ರ ಕೊಡುತ್ತಾರೆ. ಬೇರೆ ಪಂಗಡದ ಕ್ರೈಸ್ತರಿಗೂ ಕೊಡುವುದಿಲ್ಲ. ಚಾಪೆಲ್‌ನಲ್ಲಿ ನಿಮ್ಮ ಮಗ ಗೌರವದಿಂದ ಕೂತರೆ ಸಾಕು.

ಆದರೆ ಇದೂ ನಿಜ. ಮಗು ಯೇಸುವನ್ನು ನಂಬಬೇಕು ಎಂಬುದು ಆ ಶಾಲೆಯ ಪ್ರಾಮಾಣಿಕ ಆಸೆ. ಅದನ್ನು ಅವರು ಮುಚ್ಚಿಡುವುದಿಲ್ಲ, ಕ್ಯಾಟಲಾಗಿನ ಮೊದಲ ಪುಟದಲ್ಲೇ ಬರೆದಿರುತ್ತಾರೆ. ಅಲ್ಲಿ ಶಿಕ್ಷಕ ವೃತ್ತಿಯನ್ನೇ ಚರ್ಚಿನ ಸೇವೆ ಎಂದು ಕಾಣುತ್ತಾರೆ. ಅನೇಕ ಶಿಕ್ಷಕರಿಗೆ ಚರ್ಚು "ಕರೆ" ಕೊಟ್ಟು ನೇಮಿಸುತ್ತದೆ. 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಹೊಸಾನಾ-ಟೇಬರ್ ಪ್ರಕರಣ ಮಿಷಿಗನ್ನಿನ ಒಂದು ಲೂಥರನ್ ಶಾಲೆಯದು. ಹಾಗೆ ಕರೆ ಪಡೆದ ಶಿಕ್ಷಕಿ ಧರ್ಮಸೇವಕರ ಸಾಲಿಗೇ ಸೇರುತ್ತಾರೆ ಎಂದು ಕೋರ್ಟ್ ಹೇಳಿತು. ಆಕೆ ದಿನದ ಹೆಚ್ಚಿನ ಹೊತ್ತು ಕಲಿಸುತ್ತಿದ್ದದ್ದು ಗಣಿತ, ಓದು ಮುಂತಾದ ಸಾಮಾನ್ಯ ವಿಷಯಗಳನ್ನೇ. ಹಾಗಾಗಿ ಧರ್ಮ ಒಂದು ಪೀರಿಯಡ್‌ನಲ್ಲಿ ಶುರುವಾಗಿ ಮುಗಿಯುವುದಿಲ್ಲ. ಸಾಹಿತ್ಯದ ಪಾಠದಲ್ಲೂ ಬರುತ್ತದೆ, ಆಟದ ಮೈದಾನದ ಪ್ರಾರ್ಥನೆಯಲ್ಲೂ ಬರುತ್ತದೆ. ಜಗತ್ತಿನ ಧರ್ಮಗಳ ಪಾಠದಲ್ಲಿ ಹಿಂದೂ ಧರ್ಮವನ್ನು ತಮ್ಮ ಕಣ್ಣಿನಿಂದಲೇ ವಿವರಿಸುತ್ತಾರೆ. ಯೇಸುವಿನ ಮೂಲಕ ಮಾತ್ರ ಮೋಕ್ಷ ಎಂಬ ಮಾತನ್ನು ನಿಮ್ಮ ಮಗ ಕೇಳಿಯೇ ಕೇಳುತ್ತಾನೆ. 17 ವರ್ಷದ ಹುಡುಗ ಮನೆಗೆ ಬಂದು "ಅಮ್ಮ, ನಾವು ಯಾಕೆ ಇಷ್ಟೊಂದು ದೇವರನ್ನು ಪೂಜಿಸುತ್ತೇವೆ?" ಎಂದರೆ ಉತ್ತರ ಕೊಡಲು ನಿಮ್ಮಿಬ್ಬರಿಗೂ ಮನಸ್ಸು, ಸಮಯ ಇರಬೇಕು. ಇದ್ದರೆ ಭಯ ಬೇಡ. ಅಂಥ ಮಾತುಕತೆ ನಿಮ್ಮ ಮನೆಯಲ್ಲಿ ಕಷ್ಟ ಅನ್ನಿಸಿದರೆ ಈ ಶಾಲೆ ನಿಮಗೆ ಹಿಂಸೆಯಾಗುತ್ತದೆ. ಮದುವೆ, ಲೈಂಗಿಕತೆ ಕುರಿತ ಪಾಠದಲ್ಲೂ ಸಿನಡ್‌ನ ನಿಲುವೇ ಇರುತ್ತದೆ. ಹ್ಯಾಂಡ್‌ಬುಕ್ ಓದಿ, ಒಪ್ಪಿಗೆ ಆದರೆ ಮಾತ್ರ ಸಹಿ ಹಾಕಿ.

ಈಗ ಕೋರ್ಸ್‌ಗಳಿಗೆ ಬರೋಣ. ನನ್ನ ಲೆಕ್ಕದಲ್ಲಿ ಧರ್ಮದ ಪಾಠದ ನಿಜವಾದ ಬೆಲೆ ಇರುವುದು ಟೈಮ್‌ಟೇಬಲ್‌ನಲ್ಲಿ.

ದಿನಕ್ಕೆ 7 ಪೀರಿಯಡ್ ಇರುವ ಶಾಲೆ ಎಂದುಕೊಳ್ಳಿ. ವರ್ಷಪೂರ್ತಿ ಓದಿದ ಒಂದು ವಿಷಯಕ್ಕೆ ಒಂದು ಕ್ರೆಡಿಟ್ ಎಂದರೆ ನಾಲ್ಕು ವರ್ಷಕ್ಕೆ 28 ಜಾಗ. ಇಂಜಿನಿಯರಿಂಗ್ ಕಡೆ ಹೋಗುವ ಹುಡುಗನಿಗೆ ಇಂಗ್ಲಿಷ್ 4, ಗಣಿತ 4, ವಿಜ್ಞಾನ 4, ಸಮಾಜ 3, ವಿದೇಶಿ ಭಾಷೆ 3 ಬೇಕು. ಅಲ್ಲಿಗೆ 18. ದೈಹಿಕ ಶಿಕ್ಷಣ, ಹೆಲ್ತ್, ಪರ್ಸನಲ್ ಫೈನಾನ್ಸ್ ಸೇರಿ ಸುಮಾರು ಎರಡೂವರೆ. ಧರ್ಮ 4. ಒಟ್ಟು ಇಪ್ಪತ್ತನಾಲ್ಕೂವರೆ ಆಯಿತು. ಉಳಿದದ್ದು ಮೂರೂವರೆ ಜಾಗ. ನಿಮ್ಮ ಮಗ ನಾಲ್ಕು ವರ್ಷ ಬ್ಯಾಂಡ್‌ನಲ್ಲಿ ಇರುತ್ತೇನೆ ಅಂದರೆ ಅದೇ 4 ಜಾಗ. ಕಂಪ್ಯೂಟರ್ ಸೈನ್ಸ್‌ಗಾಗಲಿ, ಇಂಜಿನಿಯರಿಂಗ್ ಪರಿಚಯದ ಕೋರ್ಸ್‌ಗಾಗಲಿ ಒಂದು ಪೀರಿಯಡ್ ಕೂಡ ಉಳಿಯುವುದಿಲ್ಲ. ಕ್ಯಾಟಲಾಗಿನಲ್ಲಿ ಅವೆಲ್ಲ ಇರುತ್ತವೆ. ಅವನಿಗೆ ಮಾತ್ರ ಸಿಗುವುದಿಲ್ಲ.

ಅದೇ ಶಾಲೆಯಲ್ಲಿ ದಿನಕ್ಕೆ 8 ಪೀರಿಯಡ್ ಇದ್ದರೆ 32 ಜಾಗ. ಆಗ ಧರ್ಮದ ನಾಲ್ಕೂ ಹಾಗೇ ಹೊಂದಿಕೊಂಡುಬಿಡುತ್ತವೆ. 7 ಪೀರಿಯಡ್‌ನ ಪಬ್ಲಿಕ್ ಶಾಲೆಯ ಮಕ್ಕಳಿಗೆ ಸಿಗುವಷ್ಟೇ ಜಾಗ ಇವನಿಗೂ ಸಿಗುತ್ತದೆ. ಆದ್ದರಿಂದ ನೀವು ಕೇಳಬೇಕಾದ ಮೊದಲ ಪ್ರಶ್ನೆ "ಎಪಿ ಎಷ್ಟು" ಅಲ್ಲ, "ದಿನಕ್ಕೆ ಪೀರಿಯಡ್ ಎಷ್ಟು".

ಎರಡನೆಯದು ಚಿಕ್ಕ ಶಾಲೆಯ ಸಹಜ ಕಷ್ಟ. ಹೋಟೆಲಿನ ಮೆನು ಕಾರ್ಡ್‌ನಲ್ಲಿ ಇರುವುದೆಲ್ಲ ಆವತ್ತು ಅಡುಗೆಮನೆಯಲ್ಲಿ ಇರುವುದಿಲ್ಲ, ಅಲ್ವಾ? ಕೋರ್ಸ್ ಕ್ಯಾಟಲಾಗೂ ಹಾಗೇ. ಸಾಕಷ್ಟು ಮಕ್ಕಳು ಹೆಸರು ಕೊಡದಿದ್ದರೆ ಆ ವರ್ಷ ಆ ಕೋರ್ಸ್ ನಡೆಯುವುದಿಲ್ಲ. ಕೆಲವು ಎಪಿ ಕೋರ್ಸ್‌ಗಳು ವರ್ಷ ಬಿಟ್ಟು ವರ್ಷ ನಡೆಯುತ್ತವೆ. ಇನ್ನು ಕೆಲವು ದಿನಕ್ಕೆ ಒಂದೇ ಪೀರಿಯಡ್‌ನಲ್ಲಿ, ಒಬ್ಬರೇ ಶಿಕ್ಷಕರಿಂದ. ಎಪಿ ಫಿಸಿಕ್ಸ್ ಮತ್ತು ಬ್ಯಾಂಡ್ ಎರಡೂ ಮೂರನೇ ಪೀರಿಯಡ್‌ನಲ್ಲೇ ಬಿದ್ದರೆ ಮಗ ಒಂದನ್ನು ಬಿಡಲೇಬೇಕು. ದೊಡ್ಡ ಶಾಲೆಯಲ್ಲಿ ಅದೇ ಕೋರ್ಸ್ ಮೂರು ಸಲ ಇರುತ್ತದೆ, ಹೊಂದಿಸಿಕೊಳ್ಳಬಹುದು. ಕಳೆದ ಎರಡು ವರ್ಷಗಳ ಮಾಸ್ಟರ್ ಶೆಡ್ಯೂಲ್ ತೋರಿಸಿ ಎಂದು ಕೌನ್ಸೆಲರ್‌ರನ್ನು ಕೇಳಿ. ಯಾವ ಕೋರ್ಸ್ ನಿಜವಾಗಿ ನಡೆಯಿತು, ಯಾವುದು ಯಾವುದರ ಜೊತೆ ಡಿಕ್ಕಿ ಹೊಡೆಯಿತು, ಎಲ್ಲ ಅದರಲ್ಲಿ ಕಾಣುತ್ತದೆ. ಇದನ್ನು ಕೇಳುವುದು ಅಗೌರವ ಅಲ್ಲ. ಒಳ್ಳೆಯ ಕೌನ್ಸೆಲರ್‌ಗೆ ಇಂಥ ಪೋಷಕರು ಬಂದರೆ ಖುಷಿಯೇ ಆಗುತ್ತದೆ.

ಟ್ರಂಪೆಟ್ ವಿಷಯದಲ್ಲಿ ಮಾತ್ರ ನಿಶ್ಚಿಂತೆಯಿಂದಿರಿ. ಸಂಗೀತ ಲೂಥರನ್ನರ ಪ್ರಾಣ. ಬಾಖ್ 1723ರಿಂದ ಕೊನೆಯವರೆಗೂ ಲೈಪ್ಜಿಗ್‌ನ ಲೂಥರನ್ ಚರ್ಚುಗಳಿಗೆ ಸಂಗೀತ ಮಾಡಿಸುತ್ತಾ, ಅಲ್ಲಿನ ಶಾಲೆಯ ಹುಡುಗರಿಗೆ ಹಾಡು ಕಲಿಸುತ್ತಾ ಇದ್ದವರು. ಈಗಲೂ ಎಷ್ಟೋ ಚಿಕ್ಕ ಲೂಥರನ್ ಶಾಲೆಗಳಲ್ಲಿ ಬ್ಯಾಂಡ್ ಮತ್ತು ಗಾಯನವೃಂದ ಶಾಲೆಯ ಗಾತ್ರಕ್ಕಿಂತ ದೊಡ್ಡ ಮಟ್ಟದಲ್ಲಿರುತ್ತವೆ. ಆದರೆ ಚಾಪೆಲ್‌ನ ಕೀರ್ತನೆಗಳಿಗೆ, ಈಸ್ಟರ್ ಆರಾಧನೆಗೆ ಟ್ರಂಪೆಟ್ ನುಡಿಸುವುದೂ ಬ್ಯಾಂಡ್‌ನ ಕೆಲಸದಲ್ಲೇ ಸೇರಿರುತ್ತದೆ. ಅದು ನಿಮಗೆ ಸರಿಯೇ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಈಗ ಗಣಿತ. ನಿಮ್ಮ ಮಗ 9ರಲ್ಲಿ ಆಲ್ಜೀಬ್ರಾ 2, 10ರಲ್ಲಿ ಪ್ರೀಕ್ಯಾಲ್ಕುಲಸ್, 11ರಲ್ಲಿ ಎಪಿ ಕ್ಯಾಲ್ಕುಲಸ್ ಮುಗಿಸುತ್ತಾನೆ. 12ರಲ್ಲಿ ಏನು? ಕೆಲವು ಚಿಕ್ಕ ಶಾಲೆಗಳಲ್ಲಿ ಕ್ಯಾಲ್ಕುಲಸ್ ಎಬಿ ಮಾತ್ರ ಇದೆ, ಅದಕ್ಕಿಂತ ಮುಂದಿನ ಹಂತದ ಕ್ಯಾಲ್ಕುಲಸ್ ಬಿಸಿ ಇಲ್ಲ. ಅದರ ಮುಂದೆ ಏನೂ ಇಲ್ಲದಿದ್ದರೆ ಕೊನೆಯ ವರ್ಷ ಗಣಿತವೇ ಇಲ್ಲದೆ ಕಳೆಯಬೇಕು, ಇಲ್ಲವೇ ಸುಲಭದ ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡು ಕೂರಬೇಕು. ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷಕ್ಕೆ ಹೋಗುವ ಮುಂಚೆ ಒಂದು ವರ್ಷ ಗಣಿತ ಬಿಡುವುದು ಒಳ್ಳೆಯದಲ್ಲ. ಎಂಟು ಎಪಿ ಇದ್ದರೂ, ಹದಿನೆಂಟು ಇದ್ದರೂ ಈ ಒಂದು ಖಾಲಿ ಜಾಗ ಅವನಿಗೆ ಹೆಚ್ಚು ನಷ್ಟ ಮಾಡುತ್ತದೆ. ಮಗ ಗಣಿತದಲ್ಲಿ ಎರಡು ವರ್ಷ ಮುಂದಿದ್ದಾನೆ ಎಂಬುದೇ ಚಿಕ್ಕ ಶಾಲೆಯಲ್ಲಿ ಅವನ ಸಮಸ್ಯೆ.

ಇದಕ್ಕೆ ವಿಸ್ಕಾನ್ಸಿನ್‌ನಲ್ಲಿ ದಾರಿ ಇದೆ. ಬಹಳ ಪೋಷಕರಿಗೆ ಗೊತ್ತೇ ಇಲ್ಲ. ರಾಜ್ಯದ ಕಾನೂನಿನ ಪ್ರಕಾರ ಖಾಸಗಿ ಶಾಲೆಯ ಹೈಸ್ಕೂಲ್ ವಿದ್ಯಾರ್ಥಿ ತಾನು ವಾಸ ಮಾಡುವ ಶಾಲಾ ಡಿಸ್ಟ್ರಿಕ್ಟ್‌ನ ಪಬ್ಲಿಕ್ ಶಾಲೆಯಲ್ಲಿ ಸೆಮಿಸ್ಟರ್‌ಗೆ ಎರಡು ಕೋರ್ಸ್‌ವರೆಗೆ ಓದಬಹುದು. ತರಗತಿಯಲ್ಲಿ ಜಾಗ ಇರಬೇಕು ಅಷ್ಟೇ. ನಿಮ್ಮ ಪಬ್ಲಿಕ್ ಶಾಲೆಯಲ್ಲಿ ಕ್ಯಾಲ್ಕುಲಸ್ ಬಿಸಿ ಇದ್ದರೆ, ಎಪಿ ಫಿಸಿಕ್ಸ್ ಸಿ ಇದ್ದರೆ, ಅಲ್ಲಿಗೆ ಹೋಗಿ ಅವನ್ನು ಓದಿ ಉಳಿದದ್ದನ್ನು ಲೂಥರನ್ ಶಾಲೆಯಲ್ಲೇ ಮುಂದುವರಿಸಬಹುದು. ಕಷ್ಟ ಎಲ್ಲಿ ಎಂದರೆ ಎರಡು ಶಾಲೆಗಳ ಗಂಟೆ ಬೇರೆ, ರಜೆ ಬೇರೆ, ಮಧ್ಯೆ ಕಾರಿನಲ್ಲಿ ಕರೆದುಕೊಂಡು ಹೋಗುವವರು ಬೇಕು. ಮೊದಲ ಪೀರಿಯಡ್ ಅಥವಾ ಕೊನೆಯ ಪೀರಿಯಡ್ ಆದರೆ ನಡೆಯುತ್ತದೆ. ನಡುಮಧ್ಯಾಹ್ನ ಆದರೆ ನಡೆಯುವುದಿಲ್ಲ. ಇನ್ನೊಂದು ದಾರಿ ಅರ್ಲಿ ಕಾಲೇಜ್ ಕ್ರೆಡಿಟ್ ಪ್ರೋಗ್ರಾಂ. ಆ ಶಾಲೆ ಯೋಜನೆಯಲ್ಲಿ ಸೇರಿದ್ದರೆ ಹುಡುಗ 11, 12ರಲ್ಲಿ ಯೂನಿವರ್ಸಿಟಿಯಲ್ಲೇ ಮುಂದಿನ ಗಣಿತ ಓದಬಹುದು. ಶಾಲೆ ಸೇರಿದೆಯೇ ಎಂದು ಈಗಲೇ ಕೇಳಿ, 11ನೇ ತರಗತಿಯವರೆಗೆ ಕಾಯಬೇಡಿ.

ಎಪಿ ಮತ್ತು ಡ್ಯುಯಲ್ ಕ್ರೆಡಿಟ್ ವಿಷಯ. ಎಪಿ ಎಂದರೆ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಪಠ್ಯಕ್ರಮ, ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಶಿಕ್ಷಕರು ಉದಾರವಾಗಿ ಗ್ರೇಡ್ ಕೊಟ್ಟರೂ, ಬಿಗಿಯಾಗಿ ಕೊಟ್ಟರೂ ಆ ಅಂಕ ನಿಷ್ಪಕ್ಷಪಾತ. ಹೆಸರು ಕೇಳಿರದ ಚಿಕ್ಕ ಶಾಲೆಯಿಂದ ಬಂದ ಮಗುವಿಗೆ ಇದೇ ದೊಡ್ಡ ಬಲ. ಡ್ಯುಯಲ್ ಕ್ರೆಡಿಟ್ ಎಂದರೆ ಹೈಸ್ಕೂಲಿನಲ್ಲೇ ಕೂತು ಒಂದು ಯೂನಿವರ್ಸಿಟಿಯ ಕೋರ್ಸ್ ಓದುವುದು. ಲೂಥರನ್ ಶಾಲೆಗಳು ಹಲವು ಸಲ ತಮ್ಮ ಬಳಗದ ಕಾಲೇಜುಗಳ ಜೊತೆ ಒಪ್ಪಂದ ಮಾಡಿಕೊಂಡಿರುತ್ತವೆ. ಒಂದೇ ದಿನದ ಪರೀಕ್ಷೆಯ ಮೇಲೆ ಎಲ್ಲ ನಿಲ್ಲುವುದಿಲ್ಲ, ಬರವಣಿಗೆ ಚೆನ್ನಾಗಿ ಕಲಿಯುತ್ತಾರೆ. ಆದರೆ ಎರಡು ಅಪಾಯ. ಆ ಕ್ರೆಡಿಟ್‌ಗಳನ್ನು ಬೇರೆ ಯೂನಿವರ್ಸಿಟಿ ಒಪ್ಪಲೇಬೇಕು ಎಂದಿಲ್ಲ. ಟ್ರಾನ್ಸ್‌ಫರಾಲಜಿ ಎಂಬ ತಾಣದಲ್ಲಿ ಕೋರ್ಸ್ ಹೆಸರು ಹಾಕಿ ಮೊದಲೇ ನೋಡಬಹುದು. ಎರಡನೆಯದು ಇನ್ನೂ ಗಂಭೀರ. ಅಲ್ಲಿ ಬಂದ ಗ್ರೇಡ್ ಶಾಶ್ವತ ಕಾಲೇಜು ದಾಖಲೆ. ಎಪಿಯಲ್ಲಿ 2 ಬಂದರೆ ಆ ಅಂಕ ಕಳಿಸದೆ ಬಿಡಬಹುದು. ಡ್ಯುಯಲ್ ಕ್ರೆಡಿಟ್‌ನಲ್ಲಿ ಸಿ ಬಂದರೆ ಅದು ಜೊತೆಗೇ ಬರುತ್ತದೆ. ಮುಂದೆ ಮನಸ್ಸು ಬದಲಾಗಿ ಮೆಡಿಕಲ್‌ಗೆ ಅರ್ಜಿ ಹಾಕಿದರೆ 16ನೇ ವಯಸ್ಸಿನ ಆ ಸಿ ಕೂಡ ಲೆಕ್ಕಕ್ಕೆ ಬರುತ್ತದೆ.

ನನ್ನ ಸಲಹೆ ಇಷ್ಟು. ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಎಪಿಯಲ್ಲೇ ಇರಲಿ. ಇಂಗ್ಲಿಷ್, ಇತಿಹಾಸದಂಥವು ಡ್ಯುಯಲ್ ಕ್ರೆಡಿಟ್ ಆದರೂ ತೊಂದರೆ ಇಲ್ಲ. ಎಂಟು ಎಪಿ ಕಡಿಮೆ ಎಂದು ಹೆದರಬೇಡಿ. ಆ ಎಂಟರಲ್ಲಿ ಕ್ಯಾಲ್ಕುಲಸ್, ಫಿಸಿಕ್ಸ್, ಕೆಮಿಸ್ಟ್ರಿ ಇವೆಯೇ ಎಂಬುದೇ ಪ್ರಶ್ನೆ. ಇದ್ದರೆ ಸಾಕು. ಪ್ರವೇಶ ಅಧಿಕಾರಿಗಳು ಮಗುವನ್ನು ಅದರ ಶಾಲೆಯಲ್ಲಿ ಸಿಗುವ ಕೋರ್ಸ್‌ಗಳ ಜೊತೆ ಹೋಲಿಸಿ ನೋಡುತ್ತಾರೆ. ಪ್ರತಿ ಅರ್ಜಿಯ ಜೊತೆ ಶಾಲೆಯ ಪರಿಚಯ ಪತ್ರ ಹೋಗುತ್ತದೆ. ಶಾಲೆಯಲ್ಲಿ ಇಲ್ಲದ ಕೋರ್ಸ್ ಯಾಕೆ ಓದಲಿಲ್ಲ ಎಂದು ಯಾರೂ ಕೇಳುವುದಿಲ್ಲ.

ಹಾಗಾಗಿ "ಮಾರ್ಕ್ಸ್‌ಗೆ ಬೆಲೆ ಇಲ್ಲ" ಎಂಬುದು ಸುಳ್ಳು. ಶಾಲೆಗೆ ಮಾನ್ಯತೆ ಇದೆಯೇ ನೋಡಿ. ಕಾಗ್ನಿಯಾ, ಅಥವಾ ಲೂಥರನ್ ಶಾಲೆಗಳ ರಾಷ್ಟ್ರೀಯ ಮಾನ್ಯತಾ ಸಂಸ್ಥೆ, ಅಥವಾ ವಿಸ್ಕಾನ್ಸಿನ್‌ನ ಧಾರ್ಮಿಕ ಮತ್ತು ಸ್ವತಂತ್ರ ಶಾಲೆಗಳ ಮಾನ್ಯತಾ ಸಂಸ್ಥೆ, ಇವುಗಳಲ್ಲಿ ಒಂದು ಇದ್ದರೆ ಸರಿ. ಯೂನಿವರ್ಸಿಟಿ ಆಫ್ ವಿಸ್ಕಾನ್ಸಿನ್ ಮ್ಯಾಡಿಸನ್ ಕೇಳುವ ಕನಿಷ್ಠ 17 ಯೂನಿಟ್‌ಗಳನ್ನು ಇಂಥ ಶಾಲೆಯ ಯಾವ ವಿದ್ಯಾರ್ಥಿಯೂ ಮುಗಿಸಬಹುದು. ಅದರಲ್ಲಿ ಒಂದೇ ವಿದೇಶಿ ಭಾಷೆಯ ಎರಡು ವರ್ಷ ಇರಲೇಬೇಕು. ಸ್ಪ್ಯಾನಿಷ್ ಒಂದು ವರ್ಷ, ಜರ್ಮನ್ ಒಂದು ವರ್ಷ ಎಂದು ಮಾಡಬೇಡಿ. ಧರ್ಮದ ಕ್ರೆಡಿಟ್‌ಗಳನ್ನು ಮಾತ್ರ ಕೆಲವು ಯೂನಿವರ್ಸಿಟಿಗಳು ಜಿಪಿಎ ಲೆಕ್ಕ ಹಾಕುವಾಗ ಬಿಟ್ಟುಬಿಡುತ್ತವೆ.

ಕೊನೆಗೆ ವಿಕಾಸವಾದ. ಇಲ್ಲಿ ನಿಮಗೆ ಹೇಳಿದವರ ಮಾತು ಪೂರ್ತಿ ಸರಿಯೂ ಅಲ್ಲ, ಪೂರ್ತಿ ತಪ್ಪೂ ಅಲ್ಲ. ಮಿಸೌರಿ ಸಿನಡ್ 1932ರ ತನ್ನ ನಂಬಿಕೆಯ ಹೇಳಿಕೆಯಲ್ಲಿ ದೇವರು ಆರು ದಿನಗಳಲ್ಲಿ ಲೋಕ ಸೃಷ್ಟಿಸಿದ ಎಂದು ಒಪ್ಪಿದೆ. ವಿಸ್ಕಾನ್ಸಿನ್ ಸಿನಡ್‌ನದೂ ಅದೇ ನಿಲುವು. ಇಎಲ್‌ಸಿಎಗೆ ವಿಕಾಸವಾದದ ಜೊತೆ ಜಗಳ ಇಲ್ಲ. ಧಾರ್ಮಿಕ ಸಿದ್ಧಾಂತಕ್ಕೆ ವಿರುದ್ಧವಾದ ಯಾವುದನ್ನೂ ಪಠ್ಯದಲ್ಲಿ ಸೇರಿಸಬೇಕೆಂದು ವಿಸ್ಕಾನ್ಸಿನ್ ಕಾನೂನು ಖಾಸಗಿ ಶಾಲೆಯನ್ನು ಒತ್ತಾಯಿಸುವುದಿಲ್ಲ. ಅಂದರೆ ಎಷ್ಟು ಕಲಿಸಬೇಕು ಎಂಬುದು ಶಾಲೆಗೆ ಬಿಟ್ಟದ್ದು.

ತರಗತಿಯಲ್ಲಿ ನಡೆಯುವುದು ಶಿಕ್ಷಕರ ಮೇಲೆ ನಿಂತಿದೆ. ಕೆಲವರು ವಿಕಾಸವಾದವನ್ನು ಪೂರ್ತಿ ಕಲಿಸಿ "ವಿಜ್ಞಾನಿಗಳು ಹೇಳುವುದು ಇದು, ನಾವು ನಂಬುವುದು ಇದು" ಎನ್ನುತ್ತಾರೆ. ಕೆಲವರು ಅರ್ಧ ಅಧ್ಯಾಯದಲ್ಲಿ ಮುಗಿಸುತ್ತಾರೆ. ಮೊದಲನೆಯದರ ಜೊತೆ ಬದುಕಬಹುದು. ಎರಡನೆಯದು ಮಗುವಿಗೆ ಅನ್ಯಾಯ ಎಂದೇ ನನ್ನ ನಿಲುವು. ನೈಸರ್ಗಿಕ ಆಯ್ಕೆ ಅರ್ಥವಾಗದೆ ಆಧುನಿಕ ಜೀವಶಾಸ್ತ್ರ ಅರ್ಥವಾಗುವುದಿಲ್ಲ. ಶಾಲೆಯಲ್ಲಿ ಎಪಿ ಬಯಾಲಜಿ ಇದ್ದರೆ ಅದು ಒಳ್ಳೆಯ ಗುರುತು. ಆ ಪರೀಕ್ಷೆಯಲ್ಲಿ ನೈಸರ್ಗಿಕ ಆಯ್ಕೆಯ ಘಟಕಕ್ಕೇ ಶೇ. 13ರಿಂದ 20ರಷ್ಟು ತೂಕ ಇದೆ, ಬಿಟ್ಟು ಕಲಿಸಲು ಆಗುವುದಿಲ್ಲ. ಎಪಿ ಹೆಸರು ಬಳಸಬೇಕಾದರೆ ಪಾಠದ ಯೋಜನೆಯನ್ನು ಕಾಲೇಜ್ ಬೋರ್ಡ್ ಒಪ್ಪಬೇಕು.

ಇದರಿಂದ ಕಾಲೇಜು ಪ್ರವೇಶಕ್ಕೆ ತೊಂದರೆಯೇ? ಒಂದು ಹಳೆಯ ಪ್ರಕರಣವನ್ನು ಪೋಷಕರು ಎತ್ತುತ್ತಾರೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಕೆಲವು ಕ್ರೈಸ್ತ ಪಠ್ಯಪುಸ್ತಕಗಳನ್ನು ಆಧರಿಸಿದ ಬಯಾಲಜಿ ಮುಂತಾದ ಕೋರ್ಸ್‌ಗಳನ್ನು ಒಪ್ಪಲಿಲ್ಲ. ಶಾಲೆಯವರು ಕೋರ್ಟಿಗೆ ಹೋದರು. 2008ರಲ್ಲಿ ಫೆಡರಲ್ ಕೋರ್ಟ್, 2010ರಲ್ಲಿ ಮೇಲ್ಮನವಿ ಕೋರ್ಟ್ ಯೂನಿವರ್ಸಿಟಿಯ ಪರ ತೀರ್ಪು ಕೊಟ್ಟವು. ಅದು ಲೂಥರನ್ ಶಾಲೆಯ ವಿಷಯ ಅಲ್ಲ, ವಿಸ್ಕಾನ್ಸಿನ್‌ನದೂ ಅಲ್ಲ. ಆದರೂ ಒಂದು ಪಾಠ ಇದೆ: ಕೋರ್ಸಿನ ಹೆಸರಿನಷ್ಟೇ ಅದರ ಪುಸ್ತಕವೂ ಮುಖ್ಯ. ಬಯಾಲಜಿ ಪಠ್ಯಪುಸ್ತಕ ಯಾವುದು ಎಂದು ಕೇಳಿ. ಪಬ್ಲಿಕ್ ಶಾಲೆಗಳಲ್ಲೂ ಬಳಸುವ ಸಾಮಾನ್ಯ ಪ್ರಕಾಶಕರದ್ದಾದರೆ ನೆಮ್ಮದಿಯಿಂದಿರಿ. ಧಾರ್ಮಿಕ ಪ್ರಕಾಶಕರದ್ದಾದರೆ ಆ ಒಂದು ಕೋರ್ಸನ್ನು ಪಬ್ಲಿಕ್ ಶಾಲೆಯಲ್ಲಿ ಮಾಡಿಸುವ ದಾರಿ ಹೇಗೂ ಇದೆ.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಮುಂದೆ ಉಳಿಯುವುದು ಮೂರು ದಾರಿ. ಪೂರ್ತಿ ಲೂಥರನ್ ಶಾಲೆ. ಲೂಥರನ್ ಶಾಲೆ ಜೊತೆಗೆ ಪಬ್ಲಿಕ್ ಶಾಲೆಯ ಒಂದೆರಡು ಕೋರ್ಸ್. ಪೂರ್ತಿ ಪಬ್ಲಿಕ್ ಶಾಲೆ. "ಎರಡು ವರ್ಷ ಅಲ್ಲಿ ಓದಿಸಿ 11ಕ್ಕೆ ಬದಲಾಯಿಸೋಣ" ಎಂದು ಬಹಳ ಮನೆಗಳಲ್ಲಿ ಯೋಚಿಸುತ್ತಾರೆ. ನನಗೆ ಅದು ಇಷ್ಟವಿಲ್ಲ. ಹೊಸ ಶಾಲೆಯಲ್ಲಿ ಧರ್ಮದ ಎರಡು ಕ್ರೆಡಿಟ್ ಬರೀ ಐಚ್ಛಿಕವಾಗಿ ನಿಲ್ಲುತ್ತವೆ. ಶಿಫಾರಸು ಪತ್ರ ಬರೆಯುವ ಶಿಕ್ಷಕರಿಗೆ ಮಗನ ಪರಿಚಯ ಆಗುವಷ್ಟರಲ್ಲಿ ಅರ್ಜಿಯ ಸಮಯ ಬಂದಿರುತ್ತದೆ. ಆಟಗಾರನಾದರೆ 11ರಲ್ಲಿ ಶಾಲೆ ಬದಲಿಸಿದ್ದಕ್ಕೆ ಸಾಮಾನ್ಯವಾಗಿ ಒಂದು ವರ್ಷ ಪಂದ್ಯ ಆಡುವಂತಿಲ್ಲ. ಬದಲಿಸುವುದೇ ಆದರೆ 10ಕ್ಕೇ ಬದಲಿಸಿ.

ವೀಸಾ ವಿಷಯ ನೀವು ಬರೆದಿಲ್ಲ. ಮಗ ಎಚ್-4ನಲ್ಲಿದ್ದರೆ (ಕೆಲಸದ ವೀಸಾದಲ್ಲಿ ಬಂದವರ ಅವಲಂಬಿತರ ವೀಸಾ) ಇನ್ನೊಂದು ಮಾತು. ಎರಡೂ ಬಗೆಯ ಶಾಲೆಗಳ ಕ್ಯಾಟಲಾಗಿನಲ್ಲಿ ಯೂತ್ ಅಪ್ರೆಂಟಿಸ್‌ಶಿಪ್ ಅಂತ ಇರುತ್ತದೆ. ಅದು ಸಂಬಳ ಇರುವ ಕೆಲಸ, ಎಚ್-4 ಮಕ್ಕಳಿಗೆ ಆಗುವುದಿಲ್ಲ. ಅದನ್ನು ನೋಡಿ ಶಾಲೆ ಆರಿಸಬೇಡಿ. ಫೀಸ್ ಕಟ್ಟುವುದಾದರೆ ವಿಸ್ಕಾನ್ಸಿನ್ ರಾಜ್ಯ ತೆರಿಗೆಯಲ್ಲಿ ಹೈಸ್ಕೂಲ್ ಮಗುವಿಗೆ ವರ್ಷಕ್ಕೆ 10,000 ಡಾಲರ್‌ವರೆಗೆ ಆದಾಯದಿಂದ ಕಳೆಯಬಹುದು. ಅದನ್ನು ಮರೆಯಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೇ ದಾರಿ ಹಿಡಿಯುತ್ತಿದ್ದೆ, ಆದರೆ ಮೂರು ಉತ್ತರ ಸಿಕ್ಕರೆ ಮಾತ್ರ. ದಿನಕ್ಕೆ 8 ಪೀರಿಯಡ್ ಇರಬೇಕು. 12ರಲ್ಲಿ ಮಗನಿಗೆ ಯಾವ ಗಣಿತ, ಎಲ್ಲಿ ಎಂದು ಕೌನ್ಸೆಲರ್ ಬರೆದು ಕೊಡಬೇಕು. ಬಯಾಲಜಿ ಶಿಕ್ಷಕರ ಜೊತೆ ಅರ್ಧ ಗಂಟೆ ಮಾತಾಡಲು ಬಿಡಬೇಕು. ಮೂರರಲ್ಲಿ ಗಣಿತದ ಉತ್ತರ "ಆಗ ನೋಡೋಣ" ಎಂದು ಬಂದರೆ ಪಬ್ಲಿಕ್ ಶಾಲೆಗೇ ಸೇರಿಸಿ. ಉಳಿದ ಎರಡರಲ್ಲಿ ಹೊಂದಾಣಿಕೆ ಸಾಧ್ಯ. ಪಬ್ಲಿಕ್ ಶಾಲೆಯವರು ಮುಂದಿನ ವರ್ಷದ ಕೋರ್ಸ್ ಆಯ್ಕೆಯನ್ನು ಚಳಿಗಾಲದಲ್ಲೇ ಮುಗಿಸುತ್ತಾರೆ. ಅಲ್ಲಿ ಒಂದು ಕೋರ್ಸಿಗೆ ಜಾಗ ಬೇಕಾದರೆ ಅವರ ಕೌನ್ಸೆಲರ್‌ಗೆ ಈ ತಿಂಗಳೇ ಫೋನ್ ಮಾಡಿ.